ಎರೆ ನೆಲದ ಪಾಯ, ಗೌಂಡಿಯ ಗುತ್ತಿಗೆ

ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂಥ ಊರಲ್ಲಿ ಮನೆ ಕಟ್ಟಿಸುವಾಗ ಗೌಂಡಿಯ ಜೊತೆ ಒಟ್ಟು ಮೊತ್ತಕ್ಕೆ ಗುತ್ತಿಗೆ ಮಾತಾಡುವುದು, ಚೌಕಾಸಿ ಮಾಡುವುದು ತಪ್ಪಲ್ಲ. ಆದರೆ ಇದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಗಟ್ಟಿ ನೆಲ ಎಷ್ಟು ಆಳದಲ್ಲಿದೆ ಎಂಬುದು ಪಾಯ ತೋಡಿದ ಮೇಲೆಯೇ ಖಚಿತ. ನಾಲ್ಕು ಅಡಿ ಅಂದುಕೊಂಡದ್ದು ಆರಕ್ಕಿಳಿದರೆ ತೋಡುವ ಕೆಲಸ ಒಂದೂವರೆ ಪಟ್ಟು. ಮೊತ್ತ ಮಾತ್ರ ಹಳೆಯದೇ. ಆ ಹೊರೆ ಗೌಂಡಿಯ ಜೊತೆಗಿರುವ ಆಳುಗಳ ಪಗಾರಕ್ಕೂ ತಟ್ಟುತ್ತದೆ.

ಹೆಚ್ಚಿನ ಆಳಕ್ಕೆ ಹೆಚ್ಚು ಹಣ ಕೊಡಬೇಕು ಎಂದರೆ, ‘ಮಾತು ಅಂದರೆ ಮಾತು, ಲಾಭ ಬಂದಿದ್ದರೆ ಗೌಂಡಿಯವರು ತಿರುಗಿ ಕೊಡುತ್ತಿದ್ದರೇ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಚುರುಕಾಗಿ ದುಡಿದು ಉಳಿಸಿದ್ದು ಗೌಂಡಿಯ ಗಳಿಕೆ. ನಿಧಾನದಿಂದಾದ ನಷ್ಟವೂ ಅವರದೇ. ಆದರೆ ಮಣ್ಣಿನ ಆಳ ಅವರ ಕೈಯಲ್ಲಿಲ್ಲ. ಆಳದ ಪಾಯದ ಫಲ ತಲೆಮಾರುಗಟ್ಟಲೆ ಉಣ್ಣುವವರು ಮನೆಯವರು. ಕರಾರಿನಲ್ಲಿ ಇಲ್ಲದ ಕೆಲಸವನ್ನು ಪುಕ್ಕಟೆ ಎಂದುಕೊಳ್ಳದೆ ಮಾಡಿಕೊಟ್ಟಾಗ, ಅದರ ಲಾಭ ಪಡೆದವರು ಪರಿಹಾರ ಕೊಡಬೇಕು ಎಂಬ ತತ್ವ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನಲ್ಲೇ ಇದೆ. ಕೋರ್ಟಿನವರೆಗೆ ಯಾಕೆ ಹೋಗಬೇಕು? ಇಷ್ಟು ಅಡಿವರೆಗೆ ಈ ಮೊತ್ತ, ಅದಕ್ಕಿಂತ ಆಳಕ್ಕೆ ಅಡಿಗೆ ಇಷ್ಟು ಎಂದು ಗುದ್ದಲಿ ಪೂಜೆಗೆ ಮೊದಲೇ ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ.