ಹಲ್ಲಿನ ಭಯಕ್ಕೂ ಮದ್ದುಂಟು

"ಹಲ್ಲ ಕೀಳಸೂದಂದ್ರ ಎದಿ ಝಲ್ ಅಂತೈತ್ರಿ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವೀಕ್ಷಕರು ಹೀಗೆ ಹೇಳುವುದನ್ನು ಮತ್ತೆ ಮತ್ತೆ ಕೇಳಿದ್ದೇವೆ. ಲವಂಗ ಕಚ್ಚಿಕೊಂಡು, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ದಿನ ದೂಡುವವರು ಕಡಿಮೆಯಿಲ್ಲ. ಹೆದರುವುದು ನಾಚಿಕೆಯ ಸಂಗತಿಯಲ್ಲ. ಆದರೆ ಹೆದರಿ ತಡಮಾಡುವುದು ಅಪಾಯ.

ಇದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಹಲ್ಲಿನ ಬುಡದಲ್ಲಿ ಕೀವಾದಾಗ ಅಲ್ಲಿನ ಅಂಗಾಂಶ ಆಮ್ಲೀಯವಾಗುತ್ತದೆ. ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಚುಚ್ಚುಮದ್ದು ಅಂಥ ಜಾಗದಲ್ಲಿ ನರದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಭಯದಿಂದ ತಡ, ತಡದಿಂದ ಕೀವು, ಕೀವಿನಿಂದ ನೋವು, ನೋವಿನಿಂದ ಇನ್ನಷ್ಟು ಭಯ! ಈ ಸುತ್ತನ್ನು ಮುರಿಯುವ ಒಂದು ಉಪಾಯವೇ ಮಂಪರು ಕೊಟ್ಟು ಮಾಡುವ ದಂತಚಿಕಿತ್ಸೆ.

ನಗೆ ಅನಿಲದಿಂದ ಆರಂಭ

1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು ನಗೆ ಅನಿಲವನ್ನು, ಅಂದರೆ ನೈಟ್ರಸ್ ಆಕ್ಸೈಡನ್ನು, ಸೇವಿಸಿ ತಮ್ಮದೇ ಹಲ್ಲು ಕೀಳಿಸಿಕೊಂಡರು. ಇಂದು ಆ ಅನಿಲವನ್ನು ಆಮ್ಲಜನಕದೊಡನೆ ಬೆರೆಸಿ, ಮೂಗಿನ ಮೇಲಿಡುವ ಪುಟ್ಟ ಮುಸುಕಿನ ಮೂಲಕ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಮೈ ಹಗುರಾಗುತ್ತದೆ, ಆದರೆ ಎಚ್ಚರ ತಪ್ಪುವುದಿಲ್ಲ. "ಬಾಯಿ ತೆಗೆಯಿರಿ" ಎಂದರೆ ನೀವೇ ತೆಗೆಯುತ್ತೀರಿ. ಕೊನೆಯಲ್ಲಿ ಸುಮಾರು 5 ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಮಂಪರು ಇಳಿಯುತ್ತದೆ.

ಇದು ಸಾಲದವರಿಗೆ ಮಿಡಾಜೊಲಾಮ್‌ನಂಥ ಔಷಧವನ್ನು ಬಾಯಿಯ ಮೂಲಕವೋ ರಕ್ತನಾಳಕ್ಕೋ ಕೊಡುವುದುಂಟು. ಇದರ ಪ್ರಮಾಣ ಹೆಚ್ಚಾದರೆ ಉಸಿರಾಟವೇ ನಿಧಾನವಾಗಬಹುದು. ಆದ್ದರಿಂದ ತರಬೇತಿ ಪಡೆದ ವೈದ್ಯರು, ಆಮ್ಲಜನಕ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನ, ಎಲ್ಲವೂ ಬಳಿಯಲ್ಲೇ ಇರಬೇಕು. ನಿದ್ದೆಗುಳಿಗೆಯನ್ನು ನೀವೇ ಕೊಂಡು ನುಂಗಿ ಹೋಗುವ ಸಾಹಸ ಖಂಡಿತ ಬೇಡ. ಇನ್ನೊಂದು ಮಾತು: ಮಂಪರು ತಗ್ಗಿಸುವುದು ಮುಖ್ಯವಾಗಿ ಭಯವನ್ನು. ನೋವು ತಡೆಯಲು ಮರಗಟ್ಟಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಬೇಕೇ ಬೇಕು.

ನೀವು ಮಾಡಬೇಕಾದದ್ದು

ಗರ್ಭಿಣಿಯಾಗಿದ್ದರೆ, ದಮ್ಮು, ಹೃದ್ರೋಗ ಅಥವಾ ಮೂಗು ಕಟ್ಟಿಕೊಳ್ಳುವ ತೊಂದರೆಯಿದ್ದರೆ ಮೊದಲೇ ತಿಳಿಸಿ. ನುಂಗುತ್ತಿರುವ ಗುಳಿಗೆಗಳನ್ನೂ, ಕುಡಿತದ ಅಭ್ಯಾಸವನ್ನೂ ಮುಚ್ಚಿಡಬೇಡಿ. ಗುಳಿಗೆ ಅಥವಾ ಸೂಜಿಯ ಮಂಪರಾದರೆ ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಮುಂದಿನ 24 ಗಂಟೆ ಮೋಟಾರ್‌ಸೈಕಲ್ಲಾಗಲಿ ಟ್ರ್ಯಾಕ್ಟರಾಗಲಿ ಓಡಿಸಬೇಡಿ.

ಈ ಸೌಲಭ್ಯ ಎಲ್ಲ ದವಾಖಾನೆಗಳಲ್ಲಿ ಇರುವುದಿಲ್ಲ. ಮೊದಲು ನಿಮ್ಮೂರಿನ ದಂತವೈದ್ಯರಿಗೇ "ನನಗೆ ಅಂಜಿಕೆ ಇದೆ" ಎಂದು ಹೇಳಿ. ಕೈ ಎತ್ತಿದರೆ ಕೆಲಸ ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಿ, ಚೀಟಿ ಬರೆಸಿಕೊಳ್ಳಿ; ಜಿಲ್ಲಾ ಕೇಂದ್ರವಾದ ವಿಜಯಪುರದಲ್ಲಿ ದಂತ ವೈದ್ಯಕೀಯ ಕಾಲೇಜೂ ಇದೆ.

ಆದರೆ ದವಡೆಯ ಕೆಳಗೆ ಬಾವು ಬಂದು, ಜ್ವರವಿದ್ದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನಾಳೆಗೆ ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.