ಎಣ್ಣೆ ಉಂಟೋ ಇಲ್ಲವೋ: ಪರೀಕ್ಷಾ ಬಾವಿಯ ಕಥೆ

ಮಾಹುಲದ ಕಡೆ ಕೆಲಸಕ್ಕೆ ಹೋಗುವ ನಮ್ಮ ಬಂಧುಗಳಿಗೆ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳ ಚಿಮಣಿಗಳು ಹೊಸವಲ್ಲ. ಅಲ್ಲಿಯ ಎರಡು ಕಾರ್ಖಾನೆಗಳು 1954, 1955ರಲ್ಲಿ ಆರಂಭವಾದಾಗ ಅವಕ್ಕೆ ಬೇಕಾದ ಕಲ್ಲೆಣ್ಣೆ ಪರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಮುಂಬಯಿಗೆ ಪಶ್ಚಿಮದಲ್ಲಿ, ಸುಮಾರು 160 ಕಿಲೋಮೀಟರು ದೂರದ ಕಡಲತಳದಲ್ಲಿ ಅದೇ ಎಣ್ಣೆ ಇದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಎಷ್ಟು ಲೆಕ್ಕ ಹಾಕಿದರೂ ಕಡೆಗೆ ಕೊರೆದೇ ನೋಡಬೇಕು.

ಹಿಂದೆ ಕೊರೆಯುತ್ತಿದ್ದ ರೀತಿ ನಮ್ಮ ಊರಿನ ಒನಕೆಯದೇ. ಭಾರವಾದ ಕಬ್ಬಿಣದ ಉಳಿಯನ್ನು ಹಗ್ಗಕ್ಕೆ ಕಟ್ಟಿ, ಏತದಂತೆ ಏರಿಳಿಯುವ ತೊಲೆಯಿಂದ ಎತ್ತಿ ಎತ್ತಿ ಕುಟ್ಟುವುದು. ತೊಲೆಯನ್ನು ಆಡಿಸಲು ಉಗಿಯಂತ್ರ. ಕಲ್ಲು ಪುಡಿಯಾದಂತೆ ಉಳಿಯನ್ನು ಹೊರಗೆ ತೆಗೆದು, ತಳದಲ್ಲಿ ಕವಾಟವಿರುವ ಕೊಳವೆಯನ್ನು ಇಳಿಬಿಟ್ಟು ಕೆಸರನ್ನು ಮೊಗೆಯಬೇಕು. ಈ ಕೆಸರೇ ಪಾತಾಳದಿಂದ ಬಂದ ಕಾಗದ. ಅದರ ಬಣ್ಣ, ವಾಸನೆ, ಮೇಲೆ ತೇಲುವ ಜಿಡ್ಡು ಇವನ್ನು ನೋಡಿ ಕೆಳಗೇನಿದೆಯೆಂದು ಊಹಿಸುತ್ತಿದ್ದರು.

ಅಮೆರಿಕದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಹೀಗೆಯೇ ಕೊರೆಯಿಸಿದನು. ಆತ ಮೊದಲು ರೈಲಿನಲ್ಲಿ ಕಂಡಕ್ಟರಾಗಿದ್ದವನು. ಬಾವಿಯ ಮಣ್ಣು ಕುಸಿದು ಕುಸಿದು ಬೀಳಲು, ಕಬ್ಬಿಣದ ಕೊಳವೆಯನ್ನು 32 ಅಡಿ ಕೆಳಗಿನ ಬಂಡೆಯವರೆಗೆ ಜಡಿದು ಅದರೊಳಗಿಂದ ಕುಟ್ಟಿಸಿದನು. ಈ ಉಪಾಯವೇ ಅವನ ದೊಡ್ಡ ಕೊಡುಗೆಯೆಂದು ನಮಗೆ ತೋರುತ್ತದೆ. ದಿನಕ್ಕೆ ಸುಮಾರು 3 ಅಡಿ ಸಾಗುತ್ತಿತ್ತು. ಕೈಯಲ್ಲಿದ್ದ ಹಣ ತೀರುತ್ತ ಬಂದಾಗ, 1859ರ ಆಗಸ್ಟ್ 27ರಂದು, 69½ ಅಡಿಯಲ್ಲಿ ಎಣ್ಣೆ ಸಿಕ್ಕಿತು. ಉಪಾಯಕ್ಕೆ ಆತ ಪೇಟೆಂಟ್ ಪಡೆಯಲಿಲ್ಲ. ಇತರರು ಶ್ರೀಮಂತರಾದರು, ಅವನು ಬಡವನಾದನು. 1873ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನವು ಪಿಂಚಣಿ ಕೊಟ್ಟದ್ದರಿಂದ ಜೀವನ ಸಾಗಿತು.

ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬಾಯ್‌ನ ಮೊದಲ ಬಾವಿಯನ್ನು 1889ರಲ್ಲಿ ತೊಡಗಿ 1890ರಲ್ಲಿ ಮುಗಿಸಿದರು. ಆಳ 662 ಅಡಿ. ಕಾಡಿನ ನಡುವೆ ಅಷ್ಟು ಆಳಕ್ಕೆ ಇಳಿದವರ ತಾಳ್ಮೆ ಎಷ್ಟಿದ್ದಿರಬೇಕು!

ಮೆತ್ತನೆಯ ಮರಳಿನಲ್ಲಿ ಒನಕೆಯ ಆಟ ನಡೆಯದು. ಅಲ್ಲಿಗೆ ಬೈರಿಗೆ ಬೇಕು. ಟೊಳ್ಳು ಕೊಳವೆಯ ತುದಿಯಲ್ಲಿ ಹಲ್ಲುಗಳಿರುವ ಉಳಿ ಗಿರಗಿರನೆ ತಿರುಗುತ್ತದೆ. ಕೊಳವೆಯೊಳಗಿಂದ ಒತ್ತಿದ ಕದಡಿದ ಮಣ್ಣುನೀರು ಕಲ್ಲಿನ ಚೂರನ್ನು ಹೊತ್ತು ಹೊರಬದಿಯಿಂದ ಮೇಲೆ ಬರುತ್ತದೆ. ಅದರ ಭಾರವೇ ಬಾವಿಯ ಗೋಡೆಯನ್ನೂ ಹಿಡಿದು ನಿಲ್ಲಿಸುತ್ತದೆ. ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಈ ಮಣ್ಣುನೀರಿಗಾಗಿ ಕೊಳದೊಳಕ್ಕೆ ದನಗಳನ್ನು ಅಟ್ಟಿ ತುಳಿಸಿದರೆಂದು ಹೇಳುವುದುಂಟು. 1901ರ ಜನವರಿ 10ರಂದು ಅಲ್ಲಿ ಚಿಮ್ಮಿದ ಎಣ್ಣೆಯನ್ನು ಹತೋಟಿಗೆ ತರಲು ಒಂಬತ್ತು ದಿನ ಹಿಡಿಯಿತು.

ಬೈರಿಗೆಯನ್ನು ಸಮುದ್ರದಲ್ಲಿ ನಿಲ್ಲಿಸುವುದೆಲ್ಲಿ? 1973ರಲ್ಲಿ ಜಪಾನಿನಲ್ಲಿ ಸಿದ್ಧವಾದ ‘ಸಾಗರ ಸಮ್ರಾಟ್’ ತನ್ನ ಉದ್ದುದ್ದ ಕಾಲುಗಳನ್ನು ಕಡಲತಳಕ್ಕೆ ಊರಿ, ಒಡಲನ್ನು ಅಲೆಗಳ ಮೇಲಕ್ಕೆತ್ತಿಕೊಂಡು ನಿಲ್ಲುವ ಯಂತ್ರ. ರಷ್ಯದ ತಜ್ಞರು ಹಿಂದೆ ಮಾಡಿದ ಅಳತೆಯಲ್ಲಿ ಅಲ್ಲಿ ಕಲ್ಲಿನ ಪದರಗಳು ಉಬ್ಬಿರುವುದು ಕಂಡಿತ್ತು, ಎಣ್ಣೆ ಕಂಡಿರಲಿಲ್ಲ. ಪರದೇಶದ ಎಣ್ಣೆಯ ಬೆಲೆ ಅದೇ ಚಳಿಗಾಲದಲ್ಲಿ ಸುಮಾರು ನಾಲ್ಕು ಪಟ್ಟು ಏರಿತ್ತು. ಬಾವಿ ಬರಿದಾಗಿದ್ದರೆ? ಆಗಲಿಲ್ಲ. 1974ರ ಫೆಬ್ರವರಿ 19ರಂದು ಎಣ್ಣೆ ಕಂಡಿತು. 1976ರ ಮೇ 21ರಿಂದ ಉತ್ಪಾದನೆ ತೊಡಗಿತು. ಮೊದಮೊದಲು ಹಡಗಿನಲ್ಲಿ, ಆಮೇಲೆ ಉರಣದ ಮೂಲಕ ಹಾಕಿದ ಕೊಳವೆಯಲ್ಲಿ ಆ ಎಣ್ಣೆ ಟ್ರಾಂಬೆಗೆ ಬಂತು, ಮಾಹುಲದ ಆ ಚಿಮಣಿಗಳ ಬುಡಕ್ಕೆ.