ಬಾಯಿಯ ರೋಗವನ್ನು ಗುರುತಿಸಬಲ್ಲವರಾರು?

ಊಟವಾದ ಮೇಲೆ ವೀಳ್ಯದ ತಟ್ಟೆಯನ್ನು ಮುಂದಿಡುವುದು ನಮ್ಮ ಮನೆಗಳ ವಾಡಿಕೆ. ಆದರೆ ಅಡಿಕೆಯು, ಹೊಗೆಸೊಪ್ಪು ಸೇರದಿದ್ದರೂ ಸಹ, ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯವರು 2004ರಲ್ಲಿ ಪ್ರಕಟಿಸಿರುವರು. ಆದುದರಿಂದ ಬಾಯಿಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣಾಗಲಿ, ಬಿಳಿಯ ಇಲ್ಲವೆ ಕೆಂಪು ಮಚ್ಚೆಯಾಗಲಿ ಕಂಡರೆ, ಬಾಯಿ ತೆರೆಯುವುದು ದಿನೇ ದಿನೇ ಕಷ್ಟವಾದರೆ, ಉದಾಸೀನ ಮಾಡಲಾಗದು.

ಇಂಥ ಕಡೆ ಕಣ್ಣಿನ ನೋಟವೊಂದೇ ಸಾಲದು. ದಂತವೈದ್ಯರು ಮಚ್ಚೆಯಿಂದ ಸಣ್ಣದೊಂದು ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸುವರು. ಇದೇ ಬಯಾಪ್ಸಿ. ಕತ್ತಿ ತಾಗಿದರೆ ರೋಗ ಹಬ್ಬುವುದೆಂದು ಅನೇಕರು ಹೆದರಿ ತಿಂಗಳುಗಟ್ಟಲೆ ಸುಮ್ಮನಿರುವರು. ಆ ಭಯಕ್ಕಿಂತ ಕಾಲಹರಣವೇ ಹೆಚ್ಚು ಘಾತುಕವೆಂದು ಗೃಹಸ್ಥರು ತಿಳಿಯಬೇಕು.

ತುಣುಕನ್ನು ಫಾರ್ಮಲಿನ್ ದ್ರವದಲ್ಲಿಟ್ಟು, ಬಳಿಕ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಕೊಯ್ದು ಬಣ್ಣ ಹಾಕುವರು. ಜೀವಕೋಶಗಳ ಕೇಂದ್ರವು ನೀಲಿಯಾಗಿಯೂ ಉಳಿದ ಭಾಗವು ಗುಲಾಬಿಯಾಗಿಯೂ ಕಾಣುವುದು. ಕೆಟ್ಟ ಕೋಶಗಳು ಮೇಲ್ಪದರದಲ್ಲಿಯೇ ನಿಂತಿವೆಯೋ, ಅದರ ತಳವನ್ನು ಭೇದಿಸಿ ಕೆಳಗಿಳಿದಿವೆಯೋ ಎಂಬುದನ್ನು ಸೂಕ್ಷ್ಮದರ್ಶಕದಿಂದ ನೋಡಿ ಹೇಳಬೇಕು. ಮೊದಲನೆಯದಾದರೆ ಕ್ಯಾನ್ಸರಿಗೆ ಮುಂಚಿನ ಸ್ಥಿತಿ, ಎರಡನೆಯದಾದರೆ ಕ್ಯಾನ್ಸರೇ. ಚಿಕಿತ್ಸೆಯೆಲ್ಲವೂ ಈ ಒಂದು ಮಾತನ್ನು ಅವಲಂಬಿಸಿರುವುದು. ಆದರೂ ಅದನ್ನು ಹೇಳುವವರ ಮುಖವನ್ನು ರೋಗಿಯು ಕಾಣುವುದೇ ಅಪರೂಪ.

ಅಂಥವರನ್ನು ಹುಡುಕುವುದೆಲ್ಲಿ? ಪೇಟೆಯ ಬೀದಿಯಲ್ಲಿ ಅವರ ಫಲಕ ಕಾಣುವುದು ವಿರಳ. ದಂತವೈದ್ಯ ಕಾಲೇಜುಗಳಲ್ಲಿ ಇದಕ್ಕೆಂದೇ ವಿಭಾಗವುಂಟು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜಿನಂಥ ಕಡೆ ವಿಚಾರಿಸಬಹುದು. ದಂತವೈದ್ಯ ಪದವಿಯ ಮೇಲೆ ಮೂರು ವರ್ಷ ಓದಿ, ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಪೆಥಾಲಜಿಯಲ್ಲಿ ಎಂ.ಡಿ.ಎಸ್. ಪಡೆದವರು ಈ ವಿದ್ಯೆಯ ತಜ್ಞರು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಾಯಿಯ ರೋಗಗಳನ್ನು ನೋಡಿ ಪಳಗಿದ ಎಂ.ಡಿ. ಪೆಥಾಲಜಿ ವೈದ್ಯರೂ ಈ ಕೆಲಸಕ್ಕೆ ಅರ್ಹರೇ. 1948ರ ದಂತವೈದ್ಯರ ಕಾಯಿದೆಯಿಂದ ರಾಜ್ಯಗಳಲ್ಲಿ ದಂತವೈದ್ಯರ ರಿಜಿಸ್ಟರು ಏರ್ಪಟ್ಟಿತು. ಅಂಥ ರಿಜಿಸ್ಟರು ಇಂದಿಗೂ ಇರುವುದರಿಂದ, ಹೆಸರೂ ನೋಂದಣಿ ಸಂಖ್ಯೆಯೂ ಸರಿಯೇ ಎಂದು ನೋಡಿಕೊಳ್ಳಬಹುದು.

ತುಣುಕು ತೆಗೆಯುವ ಮೊದಲೇ ವೈದ್ಯರನ್ನು ವಿನಯದಿಂದ ಮೂರು ಮಾತು ಕೇಳಬೇಕೆಂದು ನಮ್ಮ ಸಲಹೆ: ಇದನ್ನು ಎಲ್ಲಿಗೆ ಕಳುಹಿಸುವಿರಿ? ಓದುವವರು ಯಾರು, ಅವರ ಅರ್ಹತೆಯೇನು? ವರದಿ ಎಂದು ಬರುವುದು? ರೋಗಿಯ ವಯಸ್ಸು, ಅಭ್ಯಾಸ, ಮಚ್ಚೆಯಿರುವ ಸ್ಥಳ ಇವೆಲ್ಲವನ್ನೂ ಮುಚ್ಚಿಡದೆ ಬರೆಯಿಸಬೇಕು. ಅದಿಲ್ಲದೆ ಎಂಥ ತಜ್ಞರಿಗೂ ಅರ್ಧ ಕತ್ತಲೆ. ವರದಿ ಬಂದಾಗ ಕೆಳಗೆ ಸಹಿ ಮಾಡಿದವರ ಹೆಸರನ್ನು ನೋಡಿ ಕಾಗದವನ್ನು ಜೋಪಾನವಾಗಿಡಬೇಕು. ಸಂದೇಹ ಉಳಿದರೆ, ಮೇಣದಲ್ಲಿರುವ ಅದೇ ತುಣುಕನ್ನೂ ಗಾಜಿನ ಪಟ್ಟಿಯನ್ನೂ ಕೇಳಿ ಪಡೆದು ಬೇರೊಬ್ಬರಿಗೆ ತೋರಿಸಬಹುದು. ಇದರಲ್ಲಿ ಮೊದಲಿನವರಿಗೆ ಅವಮಾನವೇನೂ ಇಲ್ಲ.

ಹೆಣ್ಣು ಗಂಡು ನೋಡುವಾಗ ಕುಲಗೋತ್ರಗಳನ್ನೆಲ್ಲ ವಿಚಾರಿಸುವ ನಾವು, ಪ್ರಾಣದ ವಿಷಯದಲ್ಲಿ ಇಷ್ಟನ್ನಾದರೂ ವಿಚಾರಿಸದಿದ್ದರೆ ಹೇಗೆ?